ಕಾಂಪ್ಯಾಕ್ಟ್ ಪಿಸ್ತೂಲಿಗೆ ಕೆಂಪು ಚುಕ್ಕಿಯೋ, ಹಸಿರು ಚುಕ್ಕಿಯೋ?

ಪ್ರಶ್ನೆ: ಕಾಂಪ್ಯಾಕ್ಟ್ ಪಿಸ್ತೂಲಿನ ಸ್ಲೈಡ್ (ಗುಂಡು ಹಾರಿದಾಗ ಹಿಂದೆ ಸರಿಯುವ ಮೇಲ್ಭಾಗ) ಮೇಲೆ ಡಾಟ್ ಸೈಟ್ (ಗುರಿ ಹಿಡಿಯಲು ಗಾಜಿನಲ್ಲಿ ಬೆಳಕಿನ ಚುಕ್ಕಿ ತೋರಿಸುವ ಸಾಧನ) ಕೂರಿಸಬೇಕೆಂದಿದ್ದೇನೆ. ಕೆಂಪು ತೆಗೆದುಕೊಳ್ಳಲೋ, ಹಸಿರೋ? ಹಸಿರು ಚೆನ್ನಾಗಿ ಕಾಣುತ್ತದೆ ಅನ್ನುತ್ತಾರೆ, ಬ್ಯಾಟರಿ ಬೇಗ ತಿನ್ನುತ್ತದೆ ಅಂತಲೂ ಅನ್ನುತ್ತಾರೆ. ನನ್ನ ಕನ್ನಡಕದಲ್ಲಿ ಸಿಲಿಂಡರ್ ಪವರ್ ಇದೆ. ಅಂಗಡಿಯಲ್ಲಿ ನೋಡಿದ ಕೆಂಪು ಚುಕ್ಕಿ ನನಗೆ ದುಂಡಗೆ ಕಾಣಲಿಲ್ಲ, ಬಾಲ ಬಂದ ಅಲ್ಪವಿರಾಮದ ಹಾಗಿತ್ತು.

ಉತ್ತರ: ನಿಮ್ಮ ಪ್ರಶ್ನೆಯ ತಿರುಳು ಕೊನೆಯ ವಾಕ್ಯದಲ್ಲಿದೆ. ಬಣ್ಣದ ಮಾತಿಗೆ ಮೊದಲು ಆ ಬಾಲ ಸೈಟಿನದೋ ಕಣ್ಣಿನದೋ ಎಂದು ಗೊತ್ತುಮಾಡಿಕೊಳ್ಳಿ. ಇದಕ್ಕೆ ಪಿಸ್ತೂಲು ಬೇಕಿಲ್ಲ. ಸೈಟನ್ನಷ್ಟೇ ಕೈಯಲ್ಲಿ ಹಿಡಿದು, ದೂರದ ಬಿಳಿ ಗೋಡೆಯ ಮೇಲೆ ಚುಕ್ಕಿ ಬರುವಂತೆ ನೋಡಿ. ಈಗ ಸೈಟನ್ನು ನಿಧಾನವಾಗಿ 90 ಡಿಗ್ರಿ ಓರೆ ಮಾಡಿ. ಬಾಲವೂ ಜೊತೆಗೆ ತಿರುಗಿದರೆ ತಪ್ಪು ಸೈಟಿನದು. ಸೈಟ್ ತಿರುಗಿದರೂ ಬಾಲ ಇದ್ದ ದಿಕ್ಕಿನಲ್ಲೇ ಇದ್ದರೆ ಅದು ನಿಮ್ಮ ಕಣ್ಣಿನದು. ಇನ್ನೂ ಅನುಮಾನವಿದ್ದರೆ ರಟ್ಟಿನ ಚೂರಿಗೆ ಸೂಜಿಯಿಂದ ಸಣ್ಣ ತೂತು ಕೊರೆದು ಅದರ ಮೂಲಕ ನೋಡಿ. ಚುಕ್ಕಿ ಥಟ್ಟನೆ ದುಂಡಗಾದರೆ ಸೈಟ್ ಸರಿಯಾಗಿದೆ, ಆಸ್ಟಿಗ್ಮಾಟಿಸಂ (ಸಿಲಿಂಡರ್ ಪವರ್ ಸರಿಪಡಿಸುವ ದೋಷ) ಇರುವುದು ಕಣ್ಣಿನಲ್ಲಿ. ಮೊಬೈಲಿನಲ್ಲಿ ಫೋಟೋ ತೆಗೆದು ನೋಡುವುದೂ ನಡೆಯುತ್ತದೆ, ಆದರೆ ಚುಕ್ಕಿಯ ಬೆಳಕು ತಗ್ಗಿಸಿಕೊಂಡು ತೆಗೆಯಿರಿ. ಇಲ್ಲದಿದ್ದರೆ ಕ್ಯಾಮೆರಾವೇ ಅದನ್ನು ಹಿಗ್ಗಿಸಿ ತೋರಿಸುತ್ತದೆ.

ಕಣ್ಣಿನ ಬಾಲವನ್ನು ಹಸಿರು ಬಣ್ಣ ಗುಣಪಡಿಸುತ್ತದೆ ಎನ್ನುವ ಮಾತು ಅರ್ಧ ಸತ್ಯ. ಆಸ್ಟಿಗ್ಮಾಟಿಸಂ ಎಂದರೆ ಕಾರ್ನಿಯಾದ ಅಥವಾ ಒಳಗಿನ ಮಸೂರದ ಬಾಗು ಎಲ್ಲ ದಿಕ್ಕಿನಲ್ಲೂ ಸಮನಾಗಿಲ್ಲದಿರುವುದು. ಬೆಳಕಿನ ಬಣ್ಣ ಬದಲಿಸಿದರೆ ಆ ಬಾಗು ನೆಟ್ಟಗಾಗುವುದಿಲ್ಲ. ಆದರೆ ಇನ್ನೊಂದು ಸಂಗತಿಯಿದೆ. ಕನ್ನಡಕದ ಪರೀಕ್ಷೆಯಲ್ಲಿ ಅರ್ಧ ಕೆಂಪು, ಅರ್ಧ ಹಸಿರು ಹಿನ್ನೆಲೆಯ ಅಕ್ಷರಗಳನ್ನು ತೋರಿಸಿ "ಯಾವ ಕಡೆಯದು ಸ್ಪಷ್ಟವಾಗಿದೆ?" ಎಂದು ಕೇಳುತ್ತಾರಲ್ಲ, ಅದನ್ನು ನೆನಪಿಸಿಕೊಳ್ಳಿ. ಕಣ್ಣಿನೊಳಗೆ ಹಸಿರು ಬೆಳಕು ಸ್ವಲ್ಪ ಮುಂದೆ, ಕೆಂಪು ಸ್ವಲ್ಪ ಹಿಂದೆ ಕೇಂದ್ರೀಕರಿಸುತ್ತದೆ. ಸಮೀಪದೃಷ್ಟಿಗೆ ಕೊಟ್ಟ ಮೈನಸ್ ಪವರ್ ಸಾಲದಿದ್ದರೆ ಕೆಂಪು ಚೂಪಾಗಿ ಕಾಣುತ್ತದೆ, ಹೆಚ್ಚಾಗಿದ್ದರೆ ಹಸಿರು. ಹಾಗಾಗಿ ಹಸಿರು ಚುಕ್ಕಿ ಒಬ್ಬರಿಗೆ ಸೂಜಿಮೊನೆಯಂತೆ, ಇನ್ನೊಬ್ಬರಿಗೆ ಹತ್ತಿಯುಂಡೆಯಂತೆ ಕಂಡರೆ ಇಬ್ಬರೂ ನಿಜವನ್ನೇ ಹೇಳುತ್ತಿದ್ದಾರೆ. ಕನ್ನಡಕದ ನಂಬರ್ ಹಳೆಯದಾಗಿದ್ದರೆ ಸೈಟ್ ಕೊಳ್ಳುವ ಮೊದಲು ಅದನ್ನು ಸರಿಮಾಡಿಸಿ. ಸಿಲಿಂಡರ್ ಪವರಿನ ಕೋನ ಐದಾರು ಡಿಗ್ರಿ ತಪ್ಪಿದರೂ ಚುಕ್ಕಿಯಲ್ಲಿ ಗೊತ್ತಾಗುತ್ತದೆ.

ಬೆಳಕಿನ ಮಟ್ಟವೂ ಇಷ್ಟೇ ಮುಖ್ಯ. ಮಬ್ಬು ಕೋಣೆಯಲ್ಲಿ ಕಣ್ಣಿನ ಪಾಪೆ ಅಗಲವಾಗಿ ತೆರೆದುಕೊಳ್ಳುವುದರಿಂದ ಕಣ್ಣಿನ ಎಲ್ಲ ದೋಷವೂ ಎದ್ದು ಕಾಣುತ್ತದೆ. ಅಂಗಡಿಯ ಒಳಗೆ, ಚುಕ್ಕಿಯನ್ನು ಗರಿಷ್ಠ ಮಟ್ಟದಲ್ಲಿಟ್ಟು ನೋಡಿದರೆ ಹೆಚ್ಚಿನವರಿಗೆ ನಕ್ಷತ್ರವೇ ಕಾಣುತ್ತದೆ. ಎರಡು ಮೂರು ಹಂತ ಇಳಿಸಿ, ಬಾಗಿಲಿಗೆ ಬಂದು ಹೊರಗಿನ ಬೆಳಕಿನಲ್ಲಿ ಮತ್ತೆ ನೋಡಿ. ಬಾಲ ಅರ್ಧದಷ್ಟು ಕರಗಿದ್ದರೆ ಆಶ್ಚರ್ಯವಿಲ್ಲ.

ಇನ್ನು ಬಣ್ಣದ ವಿಚಾರ. ಡಾಟ್ ಸೈಟಿನಲ್ಲಿ ಲೇಸರ್ ಇಲ್ಲ. ಹಿಂಭಾಗದ ಪುಟ್ಟ ಎಲ್‌ಇಡಿ ಮುಂದಿನ ಬಾಗಿದ ಗಾಜಿಗೆ ಬೆಳಕು ಹಾಯಿಸುತ್ತದೆ, ಗಾಜಿನ ಲೇಪ ಆ ಒಂದು ಬಣ್ಣವನ್ನಷ್ಟೇ ಕಣ್ಣಿಗೆ ಮರಳಿಸುತ್ತದೆ. ಹಗಲಿನಲ್ಲಿ ನಮ್ಮ ಕಣ್ಣು ಅತಿ ಚುರುಕಾಗಿರುವುದು 555 ನ್ಯಾನೋಮೀಟರ್ ಆಸುಪಾಸಿನ ಹಳದಿ ಮಿಶ್ರಿತ ಹಸಿರಿಗೆ. 520 ನ್ಯಾನೋಮೀಟರಿನ ಹಸಿರು ಬೆಳಕು ಅಷ್ಟೇ ಶಕ್ತಿಯ 640 ನ್ಯಾನೋಮೀಟರಿನ ಕೆಂಪಿಗಿಂತ ಸುಮಾರು 4 ಪಟ್ಟು ಪ್ರಖರವಾಗಿ ಕಾಣುತ್ತದೆ. ಹಸಿರಿನ ಪರವಾಗಿ ಹೇಳುವವರ ಮಾತು ಇಲ್ಲಿಗೆ ಸರಿ. ಆದರೆ ಅದೇ ಕಾರಣಕ್ಕೆ ಹಸಿರು ಸೈಟಿನ ಲೇಪ ಕಣ್ಣಿಗೆ ಅತಿ ಪ್ರಿಯವಾದ ಬಣ್ಣದಲ್ಲೇ ಒಂದು ಪಾಲನ್ನು ತಡೆಯುತ್ತದೆ. ಅದರ ಗಾಜಿನಾಚೆಯ ಲೋಕ ನಸುಗುಲಾಬಿ, ಒಂದಿಷ್ಟು ಮಬ್ಬು. ಕೆಂಪು ಸೈಟಿನ ಗಾಜು ತಿಳಿನೀಲಿ ಛಾಯೆ ಕೊಡುತ್ತದೆ, ಅದು ಅಷ್ಟಾಗಿ ಗಮನಕ್ಕೆ ಬರುವುದಿಲ್ಲ.

ಹಿನ್ನೆಲೆ ಯಾವುದು ಎಂದೂ ನೋಡಬೇಕು. ಬಿಸಿಲಿನಲ್ಲಿ ಹುಲ್ಲು, ಗಿಡಗಂಟಿ ಇರುವ ಬಯಲು ರೇಂಜಿನಲ್ಲಿ ಹಸಿರು ಚುಕ್ಕಿ ಕರಗಿಹೋಗುತ್ತದೆ. ಕೆಮ್ಮಣ್ಣಿನ ದಿಬ್ಬ ಅಥವಾ ಕೆಂಪು ಬಳಿದ ಗುರಿಯ ಮೇಲೆ ಕೆಂಪಿನದೂ ಅದೇ ಕಥೆ. ಒಳಾಂಗಣ ರೇಂಜಿನಲ್ಲಿ ಎರಡೂ ಸರಿ. ಕತ್ತಲಲ್ಲಿ ಕೆಂಪಿಗೇ ನನ್ನ ಮತ: ಇರುಳಿಗೆ ಒಗ್ಗಿದ ಕಣ್ಣಿನ ಕೋಶಗಳು ಕೆಂಪಿಗೆ ಹೆಚ್ಚು ಸ್ಪಂದಿಸುವುದಿಲ್ಲ, ಆದ್ದರಿಂದ ಕತ್ತಲಿಗೆ ಹೊಂದಿಕೊಂಡ ದೃಷ್ಟಿ ಕೆಡುವುದಿಲ್ಲ. ಹಸಿರನ್ನು ಕೆಳಗಿನ ಹಂತಕ್ಕೆ ಇಳಿಸಿದರೂ ಕಣ್ಣಿಗೆ ಹೊಡೆಯುತ್ತದೆ.

ಹಸಿರನ್ನೇ ಕೊಳ್ಳಿ ಎಂದು ಖಂಡಿತವಾಗಿ ಹೇಳಬಹುದಾದ ಗುಂಪು ಒಂದಿದೆ. ಬಣ್ಣಗುರುಡಿನಲ್ಲಿ ಪ್ರೋಟಾನ್ ಬಗೆಯವರಿಗೆ ಕೆಂಪು ಬರೀ ಬೇರೆ ಬಣ್ಣವಾಗಿ ಕಾಣುವುದಲ್ಲ, ಮಂಕಾಗಿ, ಕೆಲವೊಮ್ಮೆ ಕಪ್ಪಾಗಿಯೇ ಕಾಣುತ್ತದೆ. ಅವರು ಕೆಂಪು ಚುಕ್ಕಿಯನ್ನು ಎಷ್ಟು ಏರಿಸಿದರೂ ಪ್ರಯೋಜನ ಕಡಿಮೆ. ಡ್ಯೂಟಾನ್ ಬಗೆಯವರಿಗೆ ಕೆಂಪು ಹಸಿರಿನ ಗೊಂದಲವಿದ್ದರೂ ಹೊಳಪು ಕುಂದುವುದಿಲ್ಲ, ಎರಡರಲ್ಲಿ ಯಾವುದಾದರೂ ಆದೀತು.

ಬ್ಯಾಟರಿಯ ಭಯ ಬಿಡಿ. ಕೆಂಪು ಎಲ್‌ಇಡಿ 2 ವೋಲ್ಟಿನ ಆಸುಪಾಸಿನಲ್ಲಿ ಬೆಳಗುತ್ತದೆ, ಹಸಿರಿಗೆ ಇನ್ನೂ ಹೆಚ್ಚು ಬೇಕು, 3 ವೋಲ್ಟಿನ ನಾಣ್ಯದಾಕಾರದ ಬ್ಯಾಟರಿಯಲ್ಲಿ ಅದಕ್ಕೆ ಉಸಿರಾಡಲು ಜಾಗ ಕಡಿಮೆ. ಆದರೆ ಹಸಿರನ್ನು ಕೆಳಗಿನ ಹಂತದಲ್ಲಿಟ್ಟರೂ ಕಾಣುವುದರಿಂದ ಲೆಕ್ಕ ಬಹುಪಾಲು ಸಮವಾಗುತ್ತದೆ. ಪೆಟ್ಟಿಗೆಯ ಮೇಲಿನ "50,000 ಗಂಟೆ"ಯನ್ನು ಮಾತ್ರ ಹಾಗೇ ನಂಬಬೇಡಿ. ಸಿಆರ್2032 ಬ್ಯಾಟರಿಯಲ್ಲಿ ಸುಮಾರು 220 ಮಿಲಿಆಂಪ್-ಗಂಟೆ ಇರುತ್ತದೆ. ಭಾಗಿಸಿದರೆ ಬರೀ 4.4 ಮೈಕ್ರೋಆಂಪ್ ಕರೆಂಟ್ ಸಿಗುತ್ತದೆ, ಅದು ಮಧ್ಯಮ ಹಂತದ ಲೆಕ್ಕ. ಬಿಸಿಲಿಗೆಂದು ಕೊನೆಯ ಹಂತಕ್ಕೇರಿಸಿದರೆ ವರ್ಷಗಳ ಮಾತು ತಿಂಗಳು, ವಾರಗಳಿಗಿಳಿಯುತ್ತದೆ. ವರ್ಷಕ್ಕೊಮ್ಮೆ, ನೆನಪಿರುವ ಒಂದು ದಿನ, ಬ್ಯಾಟರಿ ಬದಲಿಸಿಬಿಡಿ.

ಬಣ್ಣಕ್ಕೆ ತಲೆ ಕೆಡಿಸಿಕೊಳ್ಳುವವರು ಕಾಂಪ್ಯಾಕ್ಟ್ ಪಿಸ್ತೂಲಿನಲ್ಲಿ ನಿಜವಾಗಿ ಎಡವುವುದು ಫುಟ್‌ಪ್ರಿಂಟಿನಲ್ಲಿ. ಸೈಟಿನ ತಳದ ಆಕಾರ, ಸ್ಕ್ರೂ ತೂತುಗಳ ಅಂತರ, ಸ್ಲೈಡಿನಿಂದ ಎದ್ದ ಗೂಟಗಳು ಕೂರುವ ಕುಳಿಗಳು, ಇವೆಲ್ಲ ಸೇರಿ ಫುಟ್‌ಪ್ರಿಂಟ್. ಗ್ಲಾಕ್ 19ರಷ್ಟು ಅಗಲದ ಸ್ಲೈಡಿಗೆ ಟ್ರಿಜಿಕಾನ್ ಆರ್‌ಎಂಆರ್ ಸೈಟಿನ ಅಳತೆಯವು ಒಪ್ಪುತ್ತವೆ. ಗ್ಲಾಕ್ 43ಎಕ್ಸ್ ಎಂಒಎಸ್, ಸ್ಪ್ರಿಂಗ್‌ಫೀಲ್ಡ್ ಹೆಲ್‌ಕ್ಯಾಟ್ ಒಎಸ್‌ಪಿ ತರಹದ ತೆಳು ಸ್ಲೈಡಿಗೆ ಶೀಲ್ಡ್ ಆರ್‌ಎಂಎಸ್‌ಸಿ ಸೈಟಿನ ಅಳತೆ ಬೇಕು. ಆರ್‌ಎಂಆರ್ ಅಲ್ಲಿ ಎರಡೂ ಬದಿಗೆ ಚಾಚಿಕೊಂಡು ಒರೆಗೆ, ಬಟ್ಟೆಗೆ ಸಿಕ್ಕುತ್ತದೆ. ಇಲ್ಲೊಂದು ಗುಂಡಿ ಕಾದಿದೆ. ಹೋಲೋಸನ್ 407ಕೆ, 507ಕೆ ಆರ್‌ಎಂಎಸ್‌ಸಿಯನ್ನೇ ಹೋಲುತ್ತವೆ, ಸ್ಕ್ರೂ ತೂತೂ ಹೊಂದುತ್ತದೆ, ಆದರೆ ತಳದಲ್ಲಿ ಹಿಂದಿನ ಎರಡು ಗೂಟಗಳಿಗೆ ಕುಳಿಯಿಲ್ಲ. ಹಿಂದೆ ಗೂಟವಿರುವ ಸ್ಲೈಡಿನ ಮೇಲಿಟ್ಟರೆ ಸೈಟ್ ಹಿಂಬದಿಯಲ್ಲಿ ಎದ್ದು ನಿಲ್ಲುತ್ತದೆ. ಸ್ಕ್ರೂ ಬಿಗಿದರೆ ಕೂತಂತೆ ಕಾಣುತ್ತದೆ, ಅಷ್ಟರಲ್ಲಿ ತಳ ಬಾಗಿರುತ್ತದೆ. ಕೆಲವರು ಗೂಟಗಳನ್ನು ಅರದಿಂದ ಉಜ್ಜಿ ತೆಗೆಯುತ್ತಾರೆ. ಉಜ್ಜಿದ ಗೂಟ ಮರಳಿ ಬರುವುದಿಲ್ಲ, ಹಾಗಾಗಿ ತೆಳು ಅಡಾಪ್ಟರ್ ಪ್ಲೇಟ್ ಹಾಕುವುದು ಅಥವಾ ಆ ಸ್ಲೈಡಿಗೇ ಹೊಂದುವ ಸೈಟ್ ಹುಡುಕುವುದು ಲೇಸು.

ಚುಕ್ಕಿಯ ಗಾತ್ರವನ್ನು ಎಂಒಎ (ಒಂದು ಡಿಗ್ರಿಯ ಅರವತ್ತನೇ ಒಂದು ಭಾಗದ ಕೋನ) ಲೆಕ್ಕದಲ್ಲಿ ಹೇಳುತ್ತಾರೆ. 1 ಎಂಒಎ 25 ಮೀಟರಿನಲ್ಲಿ 7.3 ಮಿ.ಮೀ. ಅಂದರೆ 2 ಎಂಒಎ ಚುಕ್ಕಿ ಅಲ್ಲಿ ಒಂದೂವರೆ ಸೆಂ.ಮೀ. ಮುಚ್ಚುತ್ತದೆ, 6 ಎಂಒಎ ಚುಕ್ಕಿ 4.4 ಸೆಂ.ಮೀ. ಸಣ್ಣ ಕಿಟಕಿಯ ಸೈಟಿನಲ್ಲಿ 6 ಎಂಒಎ ಬೇಗ ಕಣ್ಣಿಗೆ ಬೀಳುತ್ತದೆ, ಬೆಳಕನ್ನು ಕಡಿಮೆ ಇಟ್ಟುಕೊಳ್ಳಲೂ ಬಿಡುತ್ತದೆ. ನಿಮ್ಮಂಥ ಕಣ್ಣಿಗೆ ಇದು ಬಣ್ಣಕ್ಕಿಂತ ದೊಡ್ಡ ಉಪಕಾರ: 2 ಎಂಒಎ ಚುಕ್ಕಿಗೆ ಬಾಲ ಬಂದರೆ ಚುಕ್ಕಿಯೇ ಕಳೆದುಹೋಗುತ್ತದೆ, 6 ಎಂಒಎ ಆದರೆ ಅಂಚು ಮಾತ್ರ ಕದಡುತ್ತದೆ. 32 ಎಂಒಎ ವೃತ್ತವಿರುವವು 25 ಮೀಟರಿನಲ್ಲಿ 23 ಸೆಂ.ಮೀ. ಉಂಗುರ ಬರೆಯುತ್ತವೆ. ಚುಕ್ಕಿ ನಂದಿಸಿ ಉಂಗುರ ಮಾತ್ರ ಇಟ್ಟುಕೊಂಡು ನಡುವಿಗೆ ಗುರಿ ಹಿಡಿಯುವವರೂ ಇದ್ದಾರೆ.

ಎಮಿಟರ್, ಅಂದರೆ ಬೆಳಕು ಚೆಲ್ಲುವ ಎಲ್‌ಇಡಿ, ತೆರೆದಿರಬೇಕೋ ಮುಚ್ಚಿರಬೇಕೋ? ತೆರೆದದ್ದು ಹಗುರ: ಆರ್‌ಎಂಆರ್ 34 ಗ್ರಾಂ, ಮುಚ್ಚಿದ ಏಮ್‌ಪಾಯಿಂಟ್ ಆಕ್ರೋ ಪಿ-2 60 ಗ್ರಾಂ. ಚಿಕ್ಕ ಸ್ಲೈಡಿನ ಮೇಲೆ ಈ ವ್ಯತ್ಯಾಸ ಕೈಗೆ ತಿಳಿಯುತ್ತದೆ. ಆದರೆ ತೆರೆದದ್ದರ ಎಲ್‌ಇಡಿ ಕಿಂಡಿಯಲ್ಲಿ ಒಂದು ಮಳೆಹನಿ ಕೂತರೆ ಒಂದು ಚುಕ್ಕಿಯ ಜಾಗದಲ್ಲಿ ನಾಲ್ಕು ಕಾಣುತ್ತವೆ, ಎಣ್ಣೆ ಹರಿದು ಬಂದರೆ ಮೋಡ ಕವಿಯುತ್ತದೆ. ಮೈಗೆ ಹತ್ತಿಕೊಂಡೇ ಇರುವ ಪಿಸ್ತೂಲಿಗೆ ಬಟ್ಟೆಯ ಧೂಳು, ಬೆವರು ತಪ್ಪಿದ್ದಲ್ಲ, ಅಂಥದ್ದಕ್ಕೆ ಮುಚ್ಚಿದ್ದೇ ಮೇಲು. ಬ್ಯಾಟರಿ ಬದಿಯಿಂದ ಅಥವಾ ಮೇಲಿಂದ ಹಾಕುವಂಥದನ್ನೇ ಆರಿಸಿ. ತಳದಲ್ಲಿದ್ದರೆ ಪ್ರತಿ ಸಲ ಸೈಟ್ ಬಿಚ್ಚಬೇಕು, ಮತ್ತೆ ಝೀರೋ (ಚುಕ್ಕಿ ಇಟ್ಟಲ್ಲೇ ಗುಂಡು ಬೀಳುವ ಹೊಂದಾಣಿಕೆ) ಪರೀಕ್ಷಿಸಬೇಕು. ಬೆಳಕಿನ ಮಟ್ಟ ತಾನೇ ಬದಲಾಗುವ ಸೈಟಿನಲ್ಲಿ ಕೈಯಿಂದ ಬದಲಿಸುವ ಗುಂಡಿಯೂ ಇರಲಿ, ಏಕೆಂದರೆ ಅದರ ಸೆನ್ಸರ್ ಅಳೆಯುವುದು ನೀವು ನಿಂತ ಜಾಗದ ಬೆಳಕನ್ನು. ನೆರಳಿನಲ್ಲಿ ನಿಂತು ಬಿಸಿಲಿನ ಗುರಿ ನೋಡಿದರೆ ಚುಕ್ಕಿ ಮಾಯವಾಗುತ್ತದೆ.

ಕೂರಿಸುವಾಗ ಅವಸರ ಬೇಡ. ಮ್ಯಾಗಜೀನ್ ತೆಗೆದು, ಚೇಂಬರ್ ಖಾಲಿಯೆಂದು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತಮಾಡಿ, ಗುಂಡುಗಳನ್ನು ಬೇರೆ ಕೋಣೆಗೆ ಕಳಿಸಿ. ಸ್ಲೈಡನ್ನು ಬಿಚ್ಚಿ ತೆಗೆಯಿರಿ. ಸ್ಕ್ರೂ ಮತ್ತು ತೂತುಗಳನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ, ಪೂರ್ತಿ ಆರಲು ಬಿಡಿ. ಕಾರ್ಖಾನೆಯ ಎಣ್ಣೆ ಉಳಿದಿದ್ದರೆ ಥ್ರೆಡ್‌ಲಾಕರ್ (ಸ್ಕ್ರೂ ಸಡಿಲವಾಗದಂತೆ ಹಚ್ಚುವ ಅಂಟು) ಹಿಡಿಯುವುದಿಲ್ಲ. ಮೊದಲು ಥ್ರೆಡ್‌ಲಾಕರ್ ಇಲ್ಲದೆ ಸ್ಕ್ರೂ ಹಾಕಿ ನೋಡಿ. ಗ್ಲಾಕ್ ಬಗೆಯ ಸ್ಲೈಡಿನಲ್ಲಿ ಚಿಪ್ಪು ಹೊರಬೀಳುವ ಕಿಂಡಿಯ ಬದಿಯ ಸ್ಕ್ರೂ ಒಂದೆರಡು ಸುತ್ತು ಉದ್ದವಾದರೆ ಕೆಳಗಿನ ಎಕ್ಸ್‌ಟ್ರಾಕ್ಟರ್ ಪ್ಲಂಜರನ್ನು (ಖಾಲಿ ಚಿಪ್ಪನ್ನು ಹಿಡಿದೆಳೆಯುವ ಕೊಕ್ಕೆಯನ್ನು ತಳ್ಳುವ ಕಡ್ಡಿ) ಒತ್ತಿಹಿಡಿಯುತ್ತದೆ. ಆಗ ಖಾಲಿ ಚಿಪ್ಪು ಹೊರಬರದೆ ಸಿಕ್ಕಿಕೊಳ್ಳುತ್ತದೆ, ಜನ ಮ್ಯಾಗಜೀನನ್ನೂ ಗುಂಡನ್ನೂ ಬೈಯುತ್ತಾರೆ. ಸ್ಕ್ರೂ ಬಿಗಿದ ಮೇಲೆ ಎಕ್ಸ್‌ಟ್ರಾಕ್ಟರನ್ನು ಉಗುರಿನಿಂದ ಹೊರಕ್ಕೆ ಎಳೆದು ಬಿಡಿ. ಮೊದಲಿನಂತೆ ಚಿಮ್ಮಿ ಒಳಗೆ ಹೋಗಬೇಕು. ಬಿಗಿಯಾದರೆ ಗಿಡ್ಡ ಸ್ಕ್ರೂ ಹಾಕಿ.

ಸರಿಯಿದ್ದರೆ ಪ್ರತಿ ಸ್ಕ್ರೂವಿಗೂ ನೀಲಿ ಥ್ರೆಡ್‌ಲಾಕರ್ ಒಂದು ಹನಿಗಿಂತ ಕಡಿಮೆ ಹಚ್ಚಿ. ಕೆಂಪು ಥ್ರೆಡ್‌ಲಾಕರ್ ಬೇಡವೇ ಬೇಡ, ಮುಂದೆ ಬಿಚ್ಚಲು ಕಾಸಬೇಕಾಗುತ್ತದೆ, ಸೈಟ್ ಆ ಬಿಸಿ ತಾಳುವುದಿಲ್ಲ. ಸೈಟಿನ ಮೈ ಪಾಲಿಮರ್ ಆಗಿದ್ದರೆ ತಯಾರಕರ ಸೂಚನೆ ಓದಿ, ಕೆಲವು ಥ್ರೆಡ್‌ಲಾಕರ್ ಪಾಲಿಮರನ್ನು ಬಿರುಕುಗೊಳಿಸುತ್ತವೆ. ಟಾರ್ಕ್ ಡ್ರೈವರಿನಿಂದ (ಬಿಗಿತ ಅಳೆಯುವ ಸ್ಕ್ರೂಡ್ರೈವರ್), ಒಂದರ ನಂತರ ಇನ್ನೊಂದನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ, ಸೈಟಿನ ಕೈಪಿಡಿ ಹೇಳಿದಷ್ಟು ಬಿಗಿಯಿರಿ. ಸಾಮಾನ್ಯವಾಗಿ ಅದು 12ರಿಂದ 15 ಇಂಚ್-ಪೌಂಡ್, ಅಂದರೆ 1.4ರಿಂದ 1.7 ನ್ಯೂಟನ್-ಮೀಟರ್. ಬರಿಗೈಯ ಅಂದಾಜಿನಲ್ಲಿ ಬಿಗಿದರೆ ಸ್ಕ್ರೂ ಕತ್ತು ಮುರಿಯುತ್ತದೆ, ಇಲ್ಲವೇ ನೂರು ಗುಂಡಿನೊಳಗೆ ಸಡಿಲವಾಗುತ್ತದೆ. 24 ಗಂಟೆ ಹಾಗೇ ಇಡಿ. ಸ್ಕ್ರೂ ತಲೆಯಿಂದ ಸೈಟಿನ ಮೈಗೆ ಪೇಂಟ್ ಪೆನ್ನಿನಿಂದ ಒಂದು ಸಣ್ಣ ಗೆರೆ ಎಳೆಯಿರಿ. ಗೆರೆ ತುಂಡಾಗಿ ಕಂಡ ದಿನ ಸ್ಕ್ರೂ ತಿರುಗಿದೆ ಎಂದೇ ಅರ್ಥ.

ಝೀರೋ ಮಾಡಲು 15 ಮೀಟರ್ ಒಳ್ಳೆಯ ದೂರ. ಆಸರೆಯ ಮೇಲೆ ಕೈಯಿಟ್ಟು 5 ಗುಂಡು ಹಾರಿಸಿ, ಒಂದೇ ಗುಂಡು ನೋಡಿ ತಿರುಪು ಮುಟ್ಟಬೇಡಿ. ಕ್ಲಿಕ್ಕಿಗೆ 1 ಎಂಒಎ ಇರುವ ಸೈಟಿನಲ್ಲಿ ಅಲ್ಲಿ ಒಂದು ಕ್ಲಿಕ್ ಎಂದರೆ 4.4 ಮಿ.ಮೀ. ಗುಂಪಿನ ನಡು 4 ಸೆಂ.ಮೀ. ಕೆಳಗಿದ್ದರೆ 9 ಕ್ಲಿಕ್ ಮೇಲಕ್ಕೆ. ತಿರುಪಿನ ಬಾಣ ಸಾಮಾನ್ಯವಾಗಿ ತೋರಿಸುವುದು ಗುಂಡು ಬೀಳುವ ಜಾಗ ಯಾವ ಕಡೆ ಸರಿಯುತ್ತದೆ ಎಂಬುದನ್ನು, ಚುಕ್ಕಿ ಸರಿಯುವ ಕಡೆಯನ್ನಲ್ಲ. ಸೈಟ್ ನಳಿಗೆಗಿಂತ 2 ಸೆಂ.ಮೀ.ಗೂ ಮೇಲಿರುವುದರಿಂದ ಒಂದೆರಡು ಮೀಟರಿನಲ್ಲಿ ಗುಂಡು ಅಷ್ಟೇ ಕೆಳಗೆ ಬೀಳುತ್ತದೆ, ಅದು ತಪ್ಪಲ್ಲ.

ಸ್ಪರ್ಧೆಯಲ್ಲಿ ಆಡುವವರಾದರೆ ಕೊಳ್ಳುವ ಮೊದಲೇ ನಿಯಮ ನೋಡಿ: ಐಎಸ್‌ಎಸ್‌ಎಫ್ (ಒಲಿಂಪಿಕ್ ಬಗೆಯ ಶೂಟಿಂಗಿನ ಅಂತರರಾಷ್ಟ್ರೀಯ ಒಕ್ಕೂಟ) ಪಿಸ್ತೂಲ್ ಸ್ಪರ್ಧೆಗಳಲ್ಲಿ ಡಾಟ್ ಸೈಟ್ ನಡೆಯುವುದಿಲ್ಲ, ಐಪಿಎಸ್‌ಸಿಯಲ್ಲಿ (ಓಡಾಡುತ್ತಾ ಗುರಿ ಹೊಡೆಯುವ ಪ್ರಾಕ್ಟಿಕಲ್ ಶೂಟಿಂಗಿನ ಒಕ್ಕೂಟ) ಪ್ರೊಡಕ್ಷನ್ ಆಪ್ಟಿಕ್ಸ್ ಎಂಬ ವಿಭಾಗವೇ ಇದೆ.

ನಿಮ್ಮ ವಿಷಯಕ್ಕೆ ಬಂದರೆ, ಹೊಸ ನಂಬರಿನ ಕನ್ನಡಕ ಹಾಕಿ, 6 ಎಂಒಎ ಕೆಂಪನ್ನೂ ಹಸಿರನ್ನೂ ಬಾಗಿಲ ಬೆಳಕಿನಲ್ಲಿ ಪಕ್ಕಪಕ್ಕ ನೋಡಿ. ಹಸಿರು ಎದ್ದು ಕಾಣುವಷ್ಟು ದುಂಡಗಿದ್ದರೆ ಮಾತ್ರ ಅದನ್ನು ತೆಗೆದುಕೊಳ್ಳಿ. ಎರಡೂ ಒಂದೇ ಎನಿಸಿದರೆ ಕೆಂಪು. ನೋಡುವಾಗ ತಲೆ ತಗ್ಗಿಸಬೇಡಿ, ಕನ್ನಡಕದ ಅಂಚಿನಿಂದ ನೋಡಿದರೆ ಬಾಲ ಮತ್ತೆ ಬರುತ್ತದೆ.