ಪೂರ್ತಿ ತೆಗೆದ್ರೆ ಸೇಫ್ ಅಂತಾರಲ್ಲ, ಆ ಲೆಕ್ಕ

ಬಯಾಪ್ಸಿಲಿ ಬ್ರೆಸ್ಟ್ ಕ್ಯಾನ್ಸರ್ ಅಂತ ಬಂದ್ಮೇಲೆ ನಮ್ಮ ಓಪಿಡಿಲಿ ಮೊದಲು ಬಾಯಿ ಬಿಡೋದು ಪೇಷಂಟ್ ಅಲ್ಲ, ಜೊತೆಗೆ ಬಂದಿರೋ ಗಂಡನೋ ಅಣ್ಣನೋ. "ಡಾಕ್ಟ್ರೇ, ರಿಸ್ಕ್ ಬೇಡ, ಸ್ತನ ಪೂರ್ತಿ ತೆಗೆದುಬಿಡಿ." ಗಂಟು ಎರಡು ಸೆಂಟಿಮೀಟರ್ ಕೂಡ ಇರಲ್ಲ, ಕಂಕುಳಲ್ಲಿ ಏನೂ ಸಿಕ್ಕಿರಲ್ಲ, ಆದ್ರೂ ಇದೇ ಮಾತು. ವಯಸ್ಸು ಅರವತ್ತು ದಾಟಿದ್ರಂತೂ "ಇನ್ನು ಅದನ್ನ ಇಟ್ಕೊಂಡು ಏನ್ಮಾಡ್ಬೇಕು" ಅಂತ ಆಯಮ್ಮನ ಎದುರಿಗೇ ಹೇಳ್ತಾರೆ, ನಂಗೆ ಸಿಟ್ಟು ಬರುತ್ತೆ.

ಪೂರ್ತಿ ತೆಗೆದ್ರೇನೇ ಸೇಫಾ ಅನ್ನೋದನ್ನ ಐವತ್ತು ವರ್ಷದ ಹಿಂದೆನೇ ಪರೀಕ್ಷೆ ಮಾಡಿ ನೋಡಿದಾರೆ. ಇಟಲಿಯ ಮಿಲಾನ್‌ನಲ್ಲಿ ವೆರೊನೇಸಿ ಅನ್ನೋ ಸರ್ಜನ್ 1973ರಲ್ಲಿ, ಅಮೆರಿಕಾದಲ್ಲಿ ಸರ್ಜನ್ ಬರ್ನಾರ್ಡ್ ಫಿಶರ್ ತಂಡ 1976ರಲ್ಲಿ ಶುರು ಮಾಡಿದ್ರು, ಕೆಲವರಿಗೆ ಪೂರ್ತಿ ಸ್ತನ ತೆಗೆದು, ಕೆಲವರಿಗೆ ಗಂಟಿರೋ ಭಾಗ ಮಾತ್ರ ತೆಗೆದು ರೇಡಿಯೇಷನ್ ಕೊಟ್ಟು, 20 ವರ್ಷದ ಲೆಕ್ಕನ 2002ರಲ್ಲಿ ಪ್ರಕಟಿಸಿದ್ರು. ಬದುಕುಳಿದವರ ಪ್ರಮಾಣ ಎರಡೂ ಕಡೆ ಒಂದೇ. ಯಾಕಂದ್ರೆ ಈ ಕಾಯಿಲೆಲಿ ಜೀವ ತೆಗೆಯೋದು ಎದೆಲಿರೋ ಗಂಟಲ್ಲ, ಅಲ್ಲಿಂದ ಮೂಳೆಗೋ ಶ್ವಾಸಕೋಶಕ್ಕೋ ಲಿವರ್‌ಗೋ ಹೋಗಿ ಕೂತ ಕಣಗಳು, ಅವು ಹೋಗಿದ್ರೆ ಆಪರೇಷನ್‌ಗೆ ಮುಂಚೆನೇ ಹೋಗಿರ್ತವೆ, ಅದಕ್ಕೆ ಕಿಮೋ, ಹಾರ್ಮೋನ್ ಮಾತ್ರೆ ಬೇಕೇ ಹೊರತು ದೊಡ್ಡ ಆಪರೇಷನ್ನಿಂದ ಏನೂ ಆಗಲ್ಲ.

ಆದ್ರೆ ಫಿಶರ್ ಲೆಕ್ಕದಲ್ಲಿ ಇನ್ನೊಂದು ವಿಷ್ಯ ಇದೆ. ಗಂಟು ಮಾತ್ರ ತೆಗೆದು ರೇಡಿಯೇಷನ್ ಕೊಡದೇ ಬಿಟ್ಟವರಲ್ಲಿ ಸುಮಾರು 39% ಜನಕ್ಕೆ ಅದೇ ಸ್ತನದಲ್ಲಿ ಮತ್ತೆ ಬಂತು, ಕೊಟ್ಟವರಲ್ಲಿ 14%. ಈಗಿನ ಔಷಧಿಗಳಿಂದ ಇದು ಇನ್ನೂ ಕಮ್ಮಿ. ಹಾಗಾಗಿ ಸ್ತನ ಉಳಿಸ್ತೀನಿ ಅಂದ್ರೆ ರೇಡಿಯೇಷನ್‌ಗೆ ಬರ್ತೀನಿ ಅಂತ ಒಪ್ಪಿಕೊಂಡ ಹಾಗೇನೆ.

ಬೆಂಗಳೂರಲ್ಲಿ ನಿಜವಾದ ತೊಡಕು ಇಲ್ಲೇ. ಚಿಂತಾಮಣಿಯಿಂದನೋ ಪಾವಗಡದಿಂದನೋ ಬಂದವರು ಎಲ್ಲಿ ಉಳ್ಕೋತಾರೆ, ಮನೆಲಿ ಹಸು ಯಾರು ನೋಡ್ಕೋತಾರೆ. ರೇಡಿಯೇಷನ್‌ಗೆ ಮುಂಚೆ ಐದಾರು ವಾರ ಆಗ್ತಿತ್ತು, ಈಗ ಹೆಚ್ಚಿನವರಿಗೆ 15 ಸಲ, ಅಂದ್ರೆ ಮೂರು ವಾರ, ಕೆಲವರಿಗೆ ಐದೇ ಸಲದಲ್ಲಿ ಒಂದು ವಾರಕ್ಕೆ ಮುಗಿಸೋದೂ ಉಂಟು, ಬ್ರಿಟನ್‌ನಲ್ಲಿ ನಡೆದ ಅಧ್ಯಯನದ ಫಲಿತಾಂಶ 2020ರಲ್ಲಿ ಬಂದ್ಮೇಲೆ. ಇಷ್ಟು ಹೇಳಿದ್ಮೇಲೂ ಆಗಲ್ಲ, ಪೂರ್ತಿ ತೆಗೀರಿ ಅಂತ ಆಯಮ್ಮನೇ ಅಂದ್ರೆ ನಾನು ವಾದ ಮಾಡಲ್ಲ, ಅದು ತಪ್ಪು ಆಯ್ಕೆ ಅಲ್ಲ. ಆದ್ರೆ ಪೂರ್ತಿ ತೆಗೆಸಿದ್ರೆ ಕರೆಂಟ್ (ರೇಡಿಯೇಷನ್‌ಗೆ ಜನ ಹೇಳೋದು ಹೀಗೆ) ತಪ್ಪುತ್ತೆ ಅಂತ ಗ್ಯಾರಂಟಿ ಇಲ್ಲ. ಗಂಟು ದೊಡ್ಡದಿದ್ರೆ, ಕಂಕುಳ ಗ್ರಂಥಿಗೆ ಹರಡಿದ್ರೆ, ಆಮೇಲೂ ಕೊಡಬೇಕಾಗುತ್ತೆ. ಇದನ್ನ ಮೊದಲೇ ಹೇಳಿರದಿದ್ರೆ ಆಮೇಲೆ ಜಗಳ, "ಎಲ್ಲಾ ತೆಗೆದ್ಮೇಲೂ ಕರೆಂಟಾ?"

ಎಲ್ಲರಿಗೂ ಉಳಿಸೋಕಾಗಲ್ಲ, ನಿಜ. ಕ್ಯಾನ್ಸರ್ ಸ್ತನದ ತುಂಬ ಹರಡಿದ್ರೆ, ಎದೆಗೆ ಈ ಮೊದಲೇ ರೇಡಿಯೇಷನ್ ಆಗಿದ್ರೆ ಕಷ್ಟ. ವಂಶದಲ್ಲಿ ಬಂದು ಸ್ತನ ಕ್ಯಾನ್ಸರ್ ಅಪಾಯ ಹೆಚ್ಚಿಸೋ ಬಿಆರ್‌ಸಿಎ ಜೀನ್ ದೋಷ ಇದ್ದವರ ಹತ್ರ ಬೇರೆನೇ ಕೂತು ಮಾತಾಡ್ಬೇಕು. ಗಂಟು ದೊಡ್ಡದು ಅನ್ನೋ ಒಂದೇ ಕಾರಣ ಆದ್ರೆ ಮೊದಲು ಕಿಮೋ ಕೊಟ್ಟು ಕುಗ್ಗಿಸಬಹುದು, ಆದ್ರೆ ಶುರು ಮಾಡೋ ಮುಂಚೆ ಒಳಗೆ ಒಂದು ಸಣ್ಣ ಕ್ಲಿಪ್ ಹಾಕಿಸ್ಕೊಳ್ಳಿ, ಇಲ್ಲಾಂದ್ರೆ ಗಂಟು ಕರಗಿ ಹೋದ್ಮೇಲೆ ಸರ್ಜನ್‌ಗೆ ಎಲ್ಲಿ ಕತ್ತರಿಸಬೇಕು ಅಂತನೇ ಗೊತ್ತಾಗಲ್ಲ.

ತೆಗೆದ ಭಾಗದ ಸುತ್ತ ಪೆಥಾಲಜಿಲಿ ಇಂಕ್ ಬಳಿದು ನೋಡ್ತಾರೆ, ಇಂಕ್ ಇರೋ ಅಂಚಲ್ಲಿ ಕ್ಯಾನ್ಸರ್ ಸಿಕ್ಕಿದ್ರೆ ಇನ್ನೊಂಚೂರು ತೆಗೀಬೇಕಾಗುತ್ತೆ, ಅಂದ್ರೆ ಎರಡನೇ ಆಪರೇಷನ್, ಈ ಸಾಧ್ಯತೆನೂ ಮೊದಲೇ ಕೇಳಿ ತಿಳ್ಕೊಂಡಿರಿ. ಎಲ್ಲಾ ಮುಗಿದ್ಮೇಲೆ ವರ್ಷಕ್ಕೊಂದು ಮ್ಯಾಮೋಗ್ರಾಮ್ ಇದ್ದೇ ಇರುತ್ತೆ, ಒಂದು ಕಡೆ ಪೂರ್ತಿ ತೆಗೆಸಿದವರಿಗೂ ಇನ್ನೊಂದು ಕಡೆಗೆ ಬೇಕು, ತೆಗೆಸಿದ್ದಾಯ್ತಲ್ಲ ಅಂತ ಬಿಟ್ಟುಬಿಡೋರು ಜಾಸ್ತಿ ಇವರೇ.