ದೋಷವಿಲ್ಲದ ಲೋಹವನ್ನು ಕಂಪ್ಯೂಟರ್ ಏಕೆ ಕೊಡುವುದಿಲ್ಲ?

ಪ್ರಶ್ನೆ: ಲೋಹದೊಳಗಿನ ಪರಮಾಣುಗಳ ಜೋಡಣೆಯನ್ನು ಕಂಪ್ಯೂಟರಿನಲ್ಲೇ ಲೆಕ್ಕ ಹಾಕಬಹುದಾದರೆ, ಒಂದೂ ದೋಷವಿಲ್ಲದ ಲೋಹವನ್ನು ಇನ್ನೂ ಏಕೆ ರೂಪಿಸಿಲ್ಲ? (ಸುರತ್ಕಲ್‌ನ ವಿದ್ಯಾರ್ಥಿಯೊಬ್ಬರು)

ಉತ್ತರ: ದೋಷವಿಲ್ಲದ ತಾಮ್ರವನ್ನು ಕಂಪ್ಯೂಟರ್ ದಿನಾಲೂ ಕೊಡುತ್ತದೆ. ಪರಮಾಣುಗಳನ್ನು ತಪ್ಪಿಲ್ಲದೆ ಸಾಲಾಗಿ ಇಡು ಎಂದು ನಾವೇ ಹೇಳಿದ ಮೇಲೆ ಅದು ಬೇರೇನು ಮಾಡೀತು? ತಕರಾರಿರುವುದು ‘ದೋಷ’ ಎಂಬ ಶಬ್ದದಲ್ಲಿ. ಸರ್ಪದೋಷದ ಹಾಗೆ ಇದನ್ನೂ ಶಾಂತಿ ಮಾಡಿಸಿ ಕಳೆದುಕೊಳ್ಳಬೇಕೆಂದು ನಮ್ಮವರು ಭಾವಿಸುತ್ತಾರೆ. ಎಷ್ಟು ಸಲ ಬರೆದರೂ ಈ ನಂಬಿಕೆ ಅಲುಗುವುದಿಲ್ಲ.

ಮೊದಲನೆಯದಾಗಿ, ಕೆಲವು ದೋಷಗಳನ್ನು ನಿಸರ್ಗವೇ ಬಯಸುತ್ತದೆ. ಪರಮಾಣು ಇಲ್ಲದೆ ಖಾಲಿ ಉಳಿದ ಸ್ಥಾನಕ್ಕೆ ಶಕ್ತಿ ವ್ಯಯವಾಗುವುದು ನಿಜ, ಆದರೆ ಆ ಖಾಲಿಯನ್ನು ಎಲ್ಲಿ ಬೇಕಾದರೂ ಇಡಬಹುದಾದ ಅಸಂಖ್ಯ ವಿನ್ಯಾಸಗಳ ಲಾಭ ಆ ವ್ಯಯವನ್ನು ತುಂಬಿಕೊಡುತ್ತದೆ. ಹೀಗಾಗಿ 1085 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುವ ತಾಮ್ರದಲ್ಲಿ, ಕರಗುವ ಹಂತದ ಸಮೀಪ, ಸುಮಾರು ಹತ್ತು ಸಾವಿರಕ್ಕೆ ಒಂದೆರಡು ಸ್ಥಾನಗಳು ಖಾಲಿ ಇರುತ್ತವೆ. ಎಷ್ಟೇ ಶುದ್ಧೀಕರಿಸಿದರೂ ಇವು ಹೋಗುವುದಿಲ್ಲ.

ಎರಡನೆಯದು ಡಿಸ್‌ಲೊಕೇಶನ್, ಅಂದರೆ ಪರಮಾಣುಗಳ ಒಂದು ಪದರ ಅರ್ಧಕ್ಕೇ ನಿಂತುಬಿಟ್ಟ ಗೆರೆ. ಅರ್ಥಿಂಗ್‌ಗೆ ಬಳಸುವ ದಪ್ಪ ತಾಮ್ರದ ತಂತಿಯ ತುಂಡೊಂದನ್ನು ಬಗ್ಗಿಸಿ, ಪುನಃ ನೆಟ್ಟಗೆ ಮಾಡಲು ಯತ್ನಿಸಿ. ಮೊದಲು ಬಗ್ಗಿದ ಜಾಗ ಜಪ್ಪಯ್ಯ ಎಂದರೂ ನೇರವಾಗದೆ, ಅದರ ಪಕ್ಕದಲ್ಲಿ ತಂತಿ ಮಣಿದು, ಅಲ್ಲೊಂದು ಗೂನು ಉಳಿಯುತ್ತದೆ. ಬಗ್ಗಿಸಿದಾಗ ಅಲ್ಲಿ ಡಿಸ್‌ಲೊಕೇಶನ್‌ಗಳು ಹೆಚ್ಚಿ, ಒಂದರ ದಾರಿಗೆ ಇನ್ನೊಂದು ಅಡ್ಡ ನಿಂತಿರುತ್ತವೆ; ಲೋಹ ಗಟ್ಟಿಯಾದದ್ದು ದೋಷ ಹೆಚ್ಚಿದ್ದರಿಂದಲೇ. ನಮ್ಮ ಬಚ್ಚಲಿನ ತಾಮ್ರದ ಹಂಡೆಯನ್ನು ಬಡಿದು ಮಾಡುವವರು ನಡುನಡುವೆ ಕುಲುಮೆಯಲ್ಲಿ ಕಾಯಿಸುವುದು ಈ ಸಿಕ್ಕನ್ನು ಬಿಡಿಸಲಿಕ್ಕೆ.

ಹಾಗೆಂದು ದೋಷ ಪೂರ್ತಿ ಹೋದರೆ ಲೋಹ ಮೆದುವಾಗುವುದಿಲ್ಲ. ದೋಷವೇ ಇಲ್ಲದಿದ್ದರೆ ಅದನ್ನು ಬಗ್ಗಿಸಲು ಬೇಕಾಗುವ ಬಲ ಎಷ್ಟೆಂದು 1926ರಲ್ಲಿ ಭೌತವಿಜ್ಞಾನಿ ಫ್ರೆಂಕೆಲ್ ಲೆಕ್ಕ ಹಾಕಿದಾಗ, ಮೆದು ಹರಳುಗಳಲ್ಲಿ ಅಳೆದದ್ದಕ್ಕಿಂತ ಸಾವಿರಾರು ಪಟ್ಟು ಹೆಚ್ಚು ಬಂತು. 1934ರಲ್ಲಿ ಟೇಲರ್, ಓರೊವಾನ್, ಪೊಲಾನ್ಯಿ ಎಂಬ ಮೂವರು ವಿಜ್ಞಾನಿಗಳು ಪ್ರತ್ಯೇಕವಾಗಿ ಕಾರಣ ಹೇಳಿದರು. ಊಟದ ಪಂಕ್ತಿಗೆ ಹಾಸಿದ ಉದ್ದನೆಯ ಜಮಖಾನವನ್ನು ಇಡಿಯಾಗಿ ಎಳೆಯುವುದು ಕಷ್ಟ, ಅದರ ಒಂದು ಸುಕ್ಕನ್ನು ಕಾಲಿನಿಂದ ತಳ್ಳುತ್ತಾ ಹೋಗುವುದು ಸುಲಭ. ಡಿಸ್‌ಲೊಕೇಶನ್ ಆ ಸುಕ್ಕು; ಅದು ಸರಿದಾಡಿದರೆ ಲೋಹ ಬಗ್ಗುತ್ತದೆ, ಒಂದಕ್ಕೊಂದು ಸಿಕ್ಕಿಕೊಂಡರೆ ಗಟ್ಟಿಯಾಗುತ್ತದೆ. ಅದು ಒಂದೂ ಇಲ್ಲದ ತಾಮ್ರವನ್ನು ಬಡಿದು ಹಂಡೆ ಮಾಡಲು ಯಾರಿಂದಲೂ ಆಗದು.

ಯಾರೂ ಕೇಳದ ಇನ್ನೊಂದು ಪ್ರಶ್ನೆಗೂ ಉತ್ತರಿಸಿಬಿಡುತ್ತೇನೆ: ಪರಮಾಣುಗಳ ಓಡಾಟವನ್ನು ಕಂಪ್ಯೂಟರ್ ಲೆಕ್ಕ ಹಾಕಿ ತೋರಿಸುವ ಸಿಮ್ಯುಲೇಶನ್ ವಿಡಿಯೊಗಳಲ್ಲಿ ಎಷ್ಟು ಕಾಲ ಕಳೆದಿರುತ್ತದೆ? ಪರಮಾಣುಗಳ ಚಲನೆಯನ್ನು ಒಂದೊಂದಾಗಿ ಲೆಕ್ಕ ಹಾಕುವಾಗ ಒಂದು ಹೆಜ್ಜೆ ಎಂದರೆ ಸುಮಾರು ಒಂದು ಫೆಮ್ಟೊಸೆಕೆಂಡ್. ಹತ್ತು ಲಕ್ಷ ಹೆಜ್ಜೆ ಇಟ್ಟರೆ ಒಂದು ನ್ಯಾನೊಸೆಕೆಂಡ್, ಅಂದರೆ ಸೆಕೆಂಡಿನ ನೂರು ಕೋಟಿಯಲ್ಲೊಂದು ಭಾಗ. ಅಷ್ಟರೊಳಗೆ ಸಾವಿರ ಡಿಗ್ರಿ ತಣಿಸಿದರೆ, ಎರಕದಲ್ಲಿ ಸಾವಕಾಶವಾಗಿ ಹರಳುಗಟ್ಟುವ ಎಷ್ಟೋ ಮಿಶ್ರಲೋಹಗಳು ತೆರೆಯ ಮೇಲೆ ಗಾಜಿನಂತೆ ಅಸ್ತವ್ಯಸ್ತವಾಗಿಯೇ ಗಟ್ಟಿಯಾಗುತ್ತವೆ. ಲೋಹದೊಳಗಿನ ಪುಟ್ಟ ಹರಳುಕಣಗಳು ಬೆಳೆಯುವಂಥ ನಿಧಾನದ ಕೆಲಸಕ್ಕೆ, ಪರಮಾಣುಗಳನ್ನು ಎಣಿಸುವುದನ್ನೇ ಬಿಟ್ಟು ಘನ ಎಲ್ಲಿ, ದ್ರವ ಎಲ್ಲಿ ಎಂಬುದನ್ನಷ್ಟೇ ಹಿಂಬಾಲಿಸುವ ಫೇಸ್-ಫೀಲ್ಡ್ ಮಾದರಿಗಳನ್ನು ಬಳಸುವುದು ಇದೇ ಕಾರಣಕ್ಕೆ.