ಹೂಗ್ಲಿಯ ಹೊಲಗಳಲ್ಲಿ ಎಡರಂಗದ 34 ವರ್ಷ

ಪಶ್ಚಿಮ ಬಂಗಾಳವನ್ನು 1977ರಿಂದ 2011ರವರೆಗೆ ಆಳಿದ, ಸಿಪಿಐ(ಎಂ) ಪಕ್ಷದ ಮುಂದಾಳತ್ವದ ಎಡರಂಗದ ಮಾತು ಬಂದರೆ ಕೆಲವರು ಭೂಸುಧಾರಣೆಯನ್ನು ಎತ್ತುತ್ತಾರೆ, ಕೆಲವರು ನಂದಿಗ್ರಾಮದ ಗೋಲಿಬಾರನ್ನು. ಎರಡೂ ನಡೆದದ್ದೇ. ಅಲ್ಲಿಂದ ಇಲ್ಲಿಗೆ ಆಡಳಿತ ಹೇಗೆ ಬಂದು ಮುಟ್ಟಿತು ಎಂಬುದು ಮಾತ್ರ ಬಿಡಿಸಿ ನೋಡಬೇಕಾದ ಗಂಟು.

ಬ್ರಿಟಿಷರ ಜಮೀನ್ದಾರಿ ಪದ್ಧತಿ, ಬೆಳೆಯ ಮೂರನೇ ಎರಡು ಪಾಲು ಕೇಳಿದ 1946ರ ತೇಭಾಗಾ ಹೋರಾಟ, ದೇಶ ವಿಭಜನೆ, ಕಡತದಲ್ಲೇ ಉಳಿದ ಕಾಯ್ದೆಗಳು, ಇಷ್ಟೆಲ್ಲ ಆದ ಮೇಲೂ, 1977ರ ಜೂನ್‌ನಲ್ಲಿ ಜ್ಯೋತಿ ಬಸು ಮುಖ್ಯಮಂತ್ರಿಯಾದಾಗ ಬಹುಪಾಲು ಬರ್ಗಾದಾರರ ಹೆಸರು ದಾಖಲೆಯಲ್ಲಿ ಇರಲಿಲ್ಲ. ಬರ್ಗಾದಾರರೆಂದರೆ ಬೇರೆಯವರ ಹೊಲವನ್ನು ಪಾಲಿಗೆ ಉಳುವವರು. ಎತ್ತು, ಬೀಜ, ಗೊಬ್ಬರ ಒಡೆಯನದಾದರೆ ಬೆಳೆ ಅರ್ಧರ್ಧ, ಇಲ್ಲವಾದರೆ ಮುಕ್ಕಾಲು ಪಾಲು ಉಳುವವನಿಗೆ ಎಂದು ಕಾನೂನು ಮೊದಲೇ ಹೇಳಿತ್ತು. ಆದರೆ ತಾನೇ ಉಳುವವನೆಂದು ತೋರಿಸಲು ಆತನ ಕೈಯಲ್ಲಿ ಒಂದು ಚೀಟಿಯೂ ಇರಲಿಲ್ಲ.

1978ರ ಮೇ ತಿಂಗಳಲ್ಲಿ ಹೂಗ್ಲಿ ಜಿಲ್ಲೆಯ ಹಾಲುಸಾಯಿಯಲ್ಲಿ ನಡೆದ ಶಿಬಿರದಲ್ಲಿ ಕೂಲಿಗಳೂ ಬರ್ಗಾದಾರರೂ ಅಧಿಕಾರಿಗಳ ಮುಖಕ್ಕೇ ಹೇಳಿದರು: ನೀವು ಬಂದು ಇಳಿಯುವುದು ಒಡೆಯರ ಮನೆಯಲ್ಲಿ, ಅವರ ಎದುರು ನಾವು ಬಾಯಿ ಬಿಡುವುದು ಹೇಗೆ? ಈ ಪ್ರಶ್ನೆಯಿಂದಲೇ, ಬರ್ಗಾದಾರರ ಹೆಸರು ದಾಖಲಿಸುವ 'ಆಪರೇಷನ್ ಬರ್ಗಾ' ಅಭಿಯಾನದ ಕ್ರಮ ರೂಪುಗೊಂಡಿತು. ದುಡಿಮೆ ಮುಗಿಸಿ ಬಂದವರೊಡನೆ ಸಂಜೆ ಸಭೆ, ನಂತರ ಹೊಲದಲ್ಲೇ ಪರಿಶೀಲನೆ, ಎಲ್ಲರಿಗೂ ಕಾಣುವಂತೆ ಪಟ್ಟಿ, ತಕರಾರುಗಳ ವಿಚಾರಣೆ, ಕೊನೆಗೆ ಕೈಗೆ ಪ್ರಮಾಣಪತ್ರ. ಹೀಗೆ ಸುಮಾರು 14 ಲಕ್ಷ ಹೆಸರುಗಳು ದಾಖಲಾದವು. ಅದೇ ವರ್ಷ ಮೂರು ಹಂತದ ಪಂಚಾಯತ್ ಚುನಾವಣೆಯೂ ನಡೆಯಿತು. ಸ್ವತಂತ್ರ ಭಾರತದಲ್ಲಿ ಸರ್ಕಾರವೊಂದು ಬಡವರ ಬಳಿಗೆ ಹೋಗಿ ಅವರ ಮಾತನ್ನು ಇಷ್ಟು ಶ್ರದ್ಧೆಯಿಂದ ಬರೆದುಕೊಂಡ ಉದಾಹರಣೆಗಳು ವಿರಳ.

ಕೊರತೆಗಳೂ ಆಗಲೇ ಇದ್ದವು. ದಾಖಲಾದ ಹೆಸರುಗಳು ಬಹುತೇಕ ಗಂಡಸರವೇ. 1979ರಲ್ಲಿ ಸುಂದರಬನದ ಮರಿಚ್‌ಝಾಪಿ ದ್ವೀಪದಲ್ಲಿ ನೆಲೆಸಿದ್ದ ಪೂರ್ವ ಬಂಗಾಳದ ನಿರಾಶ್ರಿತರನ್ನು, ಅದರಲ್ಲೂ ಹೆಚ್ಚಿನವರು ದಲಿತರು, ದಿಗ್ಬಂಧನ ಹಾಕಿ ಬಲವಂತವಾಗಿ ಎಬ್ಬಿಸಲಾಯಿತು. ಸರ್ಕಾರಿ ನೌಕರಿಯಲ್ಲಿ ರಾಜ್ಯದ ಮುಸ್ಲಿಮರ ಪಾಲು ಎಷ್ಟು ಕಡಿಮೆ ಎಂಬುದನ್ನು ದೇಶದ ಮುಸ್ಲಿಮರ ಸ್ಥಿತಿಗತಿ ಕುರಿತ 2006ರ ಸಾಚಾರ್ ಸಮಿತಿಯ ವರದಿ ಬಯಲಿಗಿಟ್ಟಿತು. ಊರಿನ ಜಗಳ, ಸಾಲ, ಕೂಲಿ ಎಲ್ಲವೂ ಪಕ್ಷದ ಕಚೇರಿಯಲ್ಲೇ ಇತ್ಯರ್ಥವಾಗತೊಡಗಿದವು. ಒಡೆಯನ ಅಂಜಿಕೆ ಹೋದ ಜಾಗದಲ್ಲಿ ಪಕ್ಷದ ಅಂಜಿಕೆ ಬಂದು ಕೂತಿತು. 2003ರ ಪಂಚಾಯತ್ ಚುನಾವಣೆಯಲ್ಲಿ ಸಾವಿರಾರು ಸ್ಥಾನಗಳಿಗೆ ಎದುರಾಳಿಗಳೇ ಇರಲಿಲ್ಲ.

2006ರಲ್ಲಿ 294 ಸ್ಥಾನಗಳಲ್ಲಿ 235 ಗೆದ್ದ ಸರ್ಕಾರ, ಕಾರು ಕಾರ್ಖಾನೆಗೆಂದು ಅದೇ ಹೂಗ್ಲಿ ಜಿಲ್ಲೆಯ ಸಿಂಗೂರಿನಲ್ಲಿ 997 ಎಕರೆಯನ್ನು 1894ರ ಭೂಸ್ವಾಧೀನ ಕಾಯ್ದೆಯಡಿ ವಶಪಡಿಸಿಕೊಂಡಿತು. ನೋಂದಾಯಿತ ಬರ್ಗಾದಾರರಿಗೆ ಜಮೀನಿನ ಬೆಲೆಯ ಕಾಲು ಭಾಗವನ್ನು ಗೊತ್ತುಮಾಡಲಾಯಿತು. ಬೆಳೆಯಲ್ಲಿ ಮುಕ್ಕಾಲು ಪಾಲಿನ ಹಕ್ಕಿದ್ದವರಿಗೆ ನೆಲದಲ್ಲಿ ಸಿಕ್ಕಿದ್ದು ಅಷ್ಟು. ನೋಂದಣಿಯಾಗದೆ ಉಳಿದವರ ಪಾಡು ಇನ್ನೂ ಕಷ್ಟದ್ದು. 1978ರಲ್ಲಿ ಸಂಜೆ ಸಭೆ ಕರೆದು ಕೇಳಿದ್ದ ಆಡಳಿತ ಈ ಸಲ ಮೊದಲು ಗಡಿ ಗುರುತಿಸಿತು, ಆಮೇಲೆ ಮಾತಿಗೆ ಕರೆಯಿತು. 2007ರ ಮಾರ್ಚ್ 14ರಂದು ನಂದಿಗ್ರಾಮದಲ್ಲಿ, ಭೂಸ್ವಾಧೀನವನ್ನು ವಿರೋಧಿಸುತ್ತಿದ್ದವರ ಮೇಲೆ ಪೊಲೀಸರು ಗುಂಡು ಹಾರಿಸಿದಾಗ 14 ಮಂದಿ ಸತ್ತರು.

2011ರಲ್ಲಿ ಎಡರಂಗ 62 ಸ್ಥಾನಗಳಿಗೆ ಇಳಿಯಿತು, 2021ರಲ್ಲಿ ಒಂದೂ ಸಿಗಲಿಲ್ಲ. ಸಿಂಗೂರಿನ ಭೂಸ್ವಾಧೀನವನ್ನು ಸುಪ್ರೀಂ ಕೋರ್ಟ್ 2016ರಲ್ಲಿ ರದ್ದು ಮಾಡಿ, ಜಮೀನು ಮರಳಿಸುವಂತೆ ಆದೇಶಿಸಿತು.